ಹಳಿ ಕಿತ್ತ ಹಾದಿಯಲ್ಲಿ ಒಂದು ಸುತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮಾರಿಸ್ ಕೌಂಟಿಗೆ ಸೇರಿದ ಮ್ಯಾಹ್ಲನ್ ಡಿಕರ್ಸನ್ ರಿಸರ್ವೇಶನ್ ಎಂಬ ಕಾಡಿನ ಕುರಿತು ನಾಲ್ಕು ಸಾಲು ಬರೆದಿದ್ದೆ. ಸಾಫಿನ್ ಪಾಂಡ್ ಎಂಬ ಕೆರೆಯ ಬಳಿ ಕಾರು ನಿಲ್ಲಿಸಿ, ಹೆಡ್ಲಿ ಓವರ್‌ಲುಕ್ ಎಂಬ ಬಂಡೆಯಂಚಿನಿಂದ ಕಣಿವೆಯನ್ನು ನೋಡಿ, ಪೈನ್ ಸ್ವಾಂಪ್ ಎಂಬ ಜೌಗುಕಾಡನ್ನು ಬಳಸಿ, ಕೊನೆಗೆ ಹಳಿ ಕಿತ್ತುಹೋದ ಆಗ್ಡನ್ ಮೈನ್ ರೈಲುಮಾರ್ಗದ ಮೇಲೆ ನಡೆಯುತ್ತಾ ಹೊರಟಲ್ಲಿಗೇ ಮರಳಬಹುದು ಎಂಬುದಷ್ಟೇ ಅದರ ಸಾರವಾಗಿತ್ತು. ಅಷ್ಟಕ್ಕೇ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿರುವ ಹಿರಿಯರ ಪತ್ರಗಳೇ ಹೆಚ್ಚು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ರೈಲ್ವೆಯಲ್ಲಿ ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್, ಅಂದರೆ ಹಳಿಗಳ ಉಸ್ತುವಾರಿ ನೋಡುವ ಅಧಿಕಾರಿ, ಆಗಿ ನಿವೃತ್ತನಾದವನು. ಈಗ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೇನೆ. ನಿಮ್ಮ ಬರಹವನ್ನು ತೋರಿಸಿದರೆ, ‘ಅಪ್ಪಾ, ಅಲ್ಲಿ ಹಳಿಯೂ ಇಲ್ಲ, ಸ್ಟೇಷನ್ನೂ ಇಲ್ಲ, ಬರೀ ಮಣ್ಣಿನ ದಾರಿ’ ಎನ್ನುತ್ತಾನೆ. ಹಳಿಯೇ ಇಲ್ಲದ ರೈಲುದಾರಿಯಲ್ಲಿ ನೋಡುವಂಥದ್ದೇನಿದೆ? — ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಮಣ್ಣಿನ ದಾರಿಯನ್ನು ಓದುವ ಕಣ್ಣು ಅವರಿಗಿಂತ ನಿಮಗೇ ಹೆಚ್ಚು. ಆ ಕಾಡಿನ ಉಳಿದ ಹಾದಿಗಳೆಲ್ಲ ಕಲ್ಲುಬಂಡೆಗಳ ನಡುವೆ ಏರುತ್ತಾ ಇಳಿಯುತ್ತಾ ಸಾಗಿದರೆ, ರೈಲುಮಾರ್ಗಕ್ಕೆ ಕಾಲಿಟ್ಟೊಡನೆ ನೆಲ ಒಮ್ಮೆಲೇ ಹದವಾಗುತ್ತದೆ. ಏರು ಇದೆಯೆಂದು ಕಾಲಿಗೆ ತಿಳಿಯುವುದೇ ಇಲ್ಲ, ತಿರುವುಗಳು ದೊಡ್ಡ ಬಳ್ಳಿಯ ಹಾಗೆ ನಿಧಾನವಾಗಿ ಬಾಗುತ್ತವೆ. ಎಲ್ಲಿ ಗುಡ್ಡ ಅಡ್ಡ ಬಂತೋ ಅಲ್ಲಿ ಅದನ್ನು ಸೀಳಿದ್ದಾರೆ, ಎಲ್ಲಿ ತಗ್ಗು ಬಂತೋ ಅಲ್ಲಿ ಏರಿ ಹಾಕಿದ್ದಾರೆ. ದಾರಿಯ ಅಡಿಯಿಂದ ತೊರೆ ಹಾಯುವ ಕಡೆಗಳಲ್ಲಿ ಬಗ್ಗಿ ಮೋರಿಯನ್ನು ನೋಡಿ. ಎಲೆಯನ್ನು ಕಾಲಿನಿಂದ ಸರಿಸಿದರೆ ಕಪ್ಪಗಿನ ಕಿಟ್ಟವೋ ಇದ್ದಿಲ ಬೂದಿಯೋ ಸಿಗುವ ಜಾಗಗಳಿವೆ; ಹಳಿಯಡಿಯ ಅಡ್ಡಮರಗಳಾದ ಸ್ಲೀಪರುಗಳು ಕೊಳೆತು ಎಷ್ಟೋ ಕಾಲವಾಗಿದ್ದರೂ, ಮಳೆ ಬಂದ ಮಾರನೆಯ ದಿನ ನೀರು ಸಮ ಅಂತರದಲ್ಲಿ ಅಡ್ಡಡ್ಡ ಗೆರೆಗಳಾಗಿ ನಿಂತಿದ್ದನ್ನು ಒಂದೆಡೆ ಕಂಡೆ. ಅದು ಸ್ಲೀಪರುಗಳ ಗುರುತೋ ಅಲ್ಲವೋ ಎಂದು ತೀರ್ಪು ಕೊಡಬೇಕಾದವರು ನಿಮ್ಮಂಥವರು.

ಇನ್ನು ಈ ಮಾರ್ಗ ಏಕೆ ಹುಟ್ಟಿತು ಎಂಬುದು. ಆ ಬೆಟ್ಟಸಾಲಿನ ಹೊಟ್ಟೆಯಲ್ಲಿರುವುದು ನೂರು ಕೋಟಿ ವರ್ಷಗಳಿಗಿಂತ ಹಳೆಯ, ನೈಸ್ (gneiss) ಎಂಬ ಪದರಪದರದ ಶಿಲೆ, ಅದರ ಪದರಗಳ ನಡುವೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದಿರಿಗೆ ಬರವಿರಲಿಲ್ಲ, ಅದನ್ನು ಕುಲುಮೆಗೆ ಸಾಗಿಸುವ ದಾರಿಗೆ ಬರವಿತ್ತು. ಕೆಳಗೆ ಹೊಪಾಟ್‌ಕಾಂಗ್ ಸರೋವರವಿತ್ತು, ಸರೋವರದ ನೀರಿನಿಂದಲೇ ನಡೆಯುವ ಮಾರಿಸ್ ಕಾಲುವೆಯಿತ್ತು, ಕಾಲುವೆಯಲ್ಲಿ ದೋಣಿಗಳಿದ್ದವು. ಹಾಗಾಗಿ 1860ರ ದಶಕದ ನಡುವಿನಲ್ಲಿ ಗಣಿಯಿಂದ ಸರೋವರದ ನೋಲನ್ಸ್ ಪಾಯಿಂಟ್ ಎಂಬ ದಂಡೆಯವರೆಗೆ ಸುಮಾರು ಹತ್ತು ಮೈಲಿಯ ರೈಲುಮಾರ್ಗವನ್ನು ಹಾಕಿದರು. ವ್ಯಾಗನ್ನಿನಿಂದ ದೋಣಿಗೆ ಅದಿರನ್ನು ಸುರಿದರೆ ಮುಂದಿನ ಪ್ರಯಾಣವೆಲ್ಲ ನೀರಿನ ಮೇಲೆ. ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದರೆ ದೋಣಿ ನಿಲ್ಲುತ್ತಿತ್ತು. ದೋಣಿ ನಿಂತರೆ ಈ ರೈಲಿಗೂ ಕೆಲಸವಿಲ್ಲ. ಅಂದರೆ ಇದು ಊರಿಂದೂರಿಗೆ ಹೋಗುವ ರೈಲಾಗಿರಲಿಲ್ಲ, ಕಾಲುವೆಯ ಒಂದು ಕೈ ಬೆಟ್ಟದ ಮೇಲಕ್ಕೆ ಚಾಚಿದಂತಿತ್ತು.

ಆ ಕಾಲುವೆಯ ಕಥೆಯನ್ನೇ ಒಂದು ಸಂಚಿಕೆ ಪೂರ್ತಿ ಬರೆಯಬಹುದು. ಸಮುದ್ರಮಟ್ಟದಿಂದ 914 ಅಡಿ ಎತ್ತರದ ಈ ಸರೋವರದ ತನಕ ದೋಣಿಗಳನ್ನು ಏರಿಸುವುದಕ್ಕೆ ನೀರು ತುಂಬಿಸಿ ದೋಣಿಯನ್ನು ಮೇಲಕ್ಕೆತ್ತುವ ತೂಬುಗಟ್ಟೆಗಳು (ಲಾಕ್‌ಗಳು) ಮಾತ್ರ ಸಾಲದೆ, ದೋಣಿಯನ್ನೇ ಗಾಲಿಗಳ ತೊಟ್ಟಿಲ ಮೇಲೆ ಕೂರಿಸಿ, ಹಳಿಯ ಮೇಲೆ ಗುಡ್ಡ ಹತ್ತಿಸುವ 23 ಇಳಿಜಾರು ಕಟ್ಟೆಗಳನ್ನು ಅವರು ಕಟ್ಟಿದ್ದರು. ಅವನ್ನು ಎಳೆಯುವ ಶಕ್ತಿಯೂ ಕಾಲುವೆಯ ನೀರಿನದ್ದೇ. ಆದರೆ 1882ರಲ್ಲಿ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಕಂಪನಿ ಆಗ್ಡನ್ ಮಾರ್ಗವನ್ನು ಗುತ್ತಿಗೆಗೆ ಪಡೆದು ಸರೋವರದ ದಂಡೆಯಿಂದಾಚೆಗೂ ಹಳಿಯ ಸಂಪರ್ಕ ಕೊಟ್ಟಿತು. ಅದಿರು ಅಲ್ಲಿಂದ ಮುಂದೆ ನೀರಿಗಿಳಿಯಬೇಕಾಗಲಿಲ್ಲ. ದೋಣಿಯ ಅನ್ನಕ್ಕಾಗಿ ಹುಟ್ಟಿದ ರೈಲೇ ದೋಣಿಯ ಅನ್ನವನ್ನು ಕಸಿಯಿತು. 1924ರಲ್ಲಿ ಕಾಲುವೆಯನ್ನು ಕೈಬಿಟ್ಟರು, 1935ರಲ್ಲಿ ಈ ಹಳಿಗಳೂ ಎದ್ದವು.

ನನ್ನ ವಿನಂತಿ ಇಷ್ಟೇ: ಹೆಡ್ಲಿ ಓವರ್‌ಲುಕ್‌ನಲ್ಲಿ ನಿಂತಾಗ ಮರಗಳಾಚೆ ಹೊಳೆಯುವ ಹೊಪಾಟ್‌ಕಾಂಗ್ ಸರೋವರವನ್ನು ಮಗನಿಗೆ ತೋರಿಸಿ, ‘ಆ ರೈಲಿನ ಕೊನೆಯ ನಿಲ್ದಾಣ ಅದೇ’ ಎಂದು ಹೇಳಿ. ಬಹಳ ಜನ ಆ ನೋಟವನ್ನು ಚಿತ್ರ ತೆಗೆಯುವುದಕ್ಕೂ, ರೈಲುದಾರಿಯನ್ನು ಬೇಗ ಮರಳುವುದಕ್ಕೂ ಬಳಸುತ್ತಾರೆ. ಎರಡೂ ಒಂದೇ ಯಂತ್ರದ ಎರಡು ಬಿಡಿಭಾಗಗಳೆಂದು ತಿಳಿದು ನಡೆದರೆ ಮಾತ್ರ ಈ ಸುತ್ತು ಸುತ್ತಾಗುತ್ತದೆ.

ಪ್ರಶ್ನೆ: ನನಗೆ ಅರವತ್ತೊಂದು ವರ್ಷ, ಬಲ ಮೊಣಕಾಲಿನಲ್ಲಿ ನೋವಿದೆ. ಸೊಸೆಯ ಜೊತೆ ಹೋಗಿದ್ದಾಗ ಅವಳ ಮೊಬೈಲಿನ ಒಂದು ಆ್ಯಪ್ ತೋರಿಸಿದಂತೆ ನಡೆದು, ದಾರಿ ತಪ್ಪಿ, ಎರಡು ತಾಸು ಒಂದೇ ಜೌಗಿನ ಸುತ್ತ ತಿರುಗಿದೆವು. ಮತ್ತೆ ಹೋಗುವ ಧೈರ್ಯ ಮಾಡಬಹುದೇ? — ಮೈಸೂರಿನ ಓದುಗರು

ಉತ್ತರ: ಖಂಡಿತ ಮಾಡಬಹುದು, ಆದರೆ ಮೊಬೈಲನ್ನು ಜೇಬಿನಲ್ಲಿಟ್ಟು ಮರವನ್ನು ನೋಡಿ ನಡೆಯಿರಿ. ಅಲ್ಲಿನ ಹಾದಿಗಳಲ್ಲಿ ಮರದ ಕಾಂಡಕ್ಕೆ ಕಣ್ಣೆತ್ತರದಲ್ಲಿ ಅಂಗೈಯಗಲದ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಪ್ರತಿ ಹಾದಿಗೂ ಒಂದೊಂದು ಬಣ್ಣ. ಹೈಲ್ಯಾಂಡ್ಸ್ ಟ್ರೇಲ್ ಎಂಬ ದೂರದ ಹಾದಿಯೂ ಈ ಕಾಡಿನ ಮೂಲಕವೇ ಹಾದುಹೋಗುತ್ತದೆ, ಅದರ ಗುರುತು ನವಿಲ ಕೊರಳಿನ ಬಣ್ಣದ ವಜ್ರಾಕೃತಿ. ಒಂದೇ ಪಟ್ಟಿಯಿದ್ದರೆ ನೇರ ನಡೆಯಿರಿ. ಒಂದರ ಮೇಲೊಂದರಂತೆ ಎರಡು ಪಟ್ಟಿಗಳಿದ್ದು ಮೇಲಿನದು ಬಲಕ್ಕೆ ಸರಿದಿದ್ದರೆ ಹಾದಿ ಬಲಕ್ಕೆ ತಿರುಗುತ್ತದೆ, ಎಡಕ್ಕೆ ಸರಿದಿದ್ದರೆ ಎಡಕ್ಕೆ. ಮೂರು ಪಟ್ಟಿಗಳು ಕಂಡರೆ ಅದು ಹಾದಿಯ ಮೊದಲು ಅಥವಾ ಕೊನೆ. ನೂರು ಹೆಜ್ಜೆ ನಡೆದರೂ ಯಾವ ಪಟ್ಟಿಯೂ ಕಾಣದಿದ್ದರೆ ಮುಂದೆ ಹೋಗದೆ, ಕೊನೆಯ ಪಟ್ಟಿ ಕಂಡಲ್ಲಿಗೆ ಹಿಂದಿರುಗಿ. ನೀವು ಎರಡು ತಾಸು ತಿರುಗಿದ್ದು ಬಹುಶಃ ಈ ಒಂದು ನಿಯಮ ತಪ್ಪಿದ್ದರಿಂದ. ಕೌಂಟಿಯ ಉದ್ಯಾನ ಇಲಾಖೆಯ ನಕ್ಷೆಯನ್ನು ಕಾಗದದಲ್ಲಿ ಅಚ್ಚುಹಾಕಿಸಿಕೊಂಡು ಹೋಗಿ, ಕಾಗದಕ್ಕೆ ಬ್ಯಾಟರಿ ಮುಗಿಯುವ ಭಯವಿಲ್ಲ.

ಮೊಣಕಾಲಿನ ವಿಚಾರ. ಪೂರ್ತಿ ಸುತ್ತಿಗೆ ನಿಧಾನದ ನಡಿಗೆಯಲ್ಲಿ ಊಟ, ವಿಶ್ರಾಂತಿ ಸೇರಿ ಅರ್ಧ ದಿನ ಬೇಕು. ಬಂಡೆಯಂಚಿಗೆ ಏರುವ ಭಾಗವನ್ನು ಬೆಳಿಗ್ಗೆ ಕಾಲು ತಾಜಾ ಇದ್ದಾಗ ಮುಗಿಸಿ, ಸಮತಟ್ಟಾದ ರೈಲುದಾರಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಲೇಸು. ಅಷ್ಟೂ ಬೇಡವೆನಿಸಿದರೆ ಕೆರೆಯ ಸುತ್ತ ಒಂದು ಸುತ್ತು ಹಾಕಿ, ರೈಲುದಾರಿಯಲ್ಲಿ ಮನಸ್ಸು ಬಂದಷ್ಟು ದೂರ ಹೋಗಿ ಹಿಂದಿರುಗಿ, ಅದರಲ್ಲಿ ಅವಮಾನವೇನಿಲ್ಲ. ಪೈನ್ ಸ್ವಾಂಪ್ ಬಳಿ ಮಾರಿಸ್ ಕೌಂಟಿಯ ಅತಿ ಎತ್ತರದ ಜಾಗವಿದೆ, 1,395 ಅಡಿ. ಅದಕ್ಕಾಗಿ ಮೊಣಕಾಲನ್ನು ಒತ್ತೆಯಿಡಬೇಡಿ. ಅತಿ ಎತ್ತರದ ಜಾಗವೆಂದು ಉಬ್ಬಸ ಪಟ್ಟು ಹೋದರೆ ಸುತ್ತಲೂ ಮರಗಳೇ ಹೊರತು ನೋಟವೇನೂ ಇಲ್ಲ. ಜೌಗಿನ ಹೆಮ್ಲಾಕ್ ಮರಗಳ ಕತ್ತಲೆಯೂ ರೋಡೋಡೆಂಡ್ರಾನ್ ಪೊದೆಗಳೂ ಚೆಂದ, ಆದರೆ ಅವಕ್ಕೆ ಎತ್ತರ ಬೇಕಿಲ್ಲ.

ಪ್ರಶ್ನೆ: ನಾವಿರುವುದು ಎಡಿಸನ್ ಎಂಬ ಊರಿನಲ್ಲಿ. ಆ ಕಾಡಿನ ನಕ್ಷೆಯ ಮೇಲ್ತುದಿಯಲ್ಲೂ ಎಡಿಸನ್ ಎಂಬ ಹೆಸರು ಕಂಡಿತು. ಎರಡಕ್ಕೂ ಸಂಬಂಧವಿದೆಯೇ? ಬಲ್ಬು ಮಾಡಿದವರಿಗೆ ಗಣಿಯಲ್ಲಿ ಏನು ಕೆಲಸ? — ನ್ಯೂಜೆರ್ಸಿಯ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಇಬ್ಬರೂ ಒಬ್ಬರೇ. ಥಾಮಸ್ ಆಲ್ವಾ ಎಡಿಸನ್ ಬಲ್ಬಿನ ಕೆಲಸ ಮಾಡಿದ ಮೆನ್ಲೊ ಪಾರ್ಕ್ ನಿಮ್ಮ ಊರಿನ ಒಂದು ಭಾಗ. ಆ ನೆನಪಿಗಾಗಿಯೇ ಅಲ್ಲಿಯವರೆಗೆ ರಾರಿಟನ್ ಟೌನ್‌ಶಿಪ್ ಆಗಿದ್ದ ಊರು 1954ರಲ್ಲಿ ಎಡಿಸನ್ ಆಯಿತು. ನಿಮ್ಮ ಊರು ಎಡಿಸನ್ನರ ಗೆಲುವಿನ ಹೆಸರಾದರೆ, ಬೆಟ್ಟದ ಮೇಲಿನದ್ದು ಅವರ ಸೋಲಿನ ಹೆಸರು. ನನಗೆ ಎರಡನೆಯದರ ಮೇಲೇ ಹೆಚ್ಚು ಕುತೂಹಲ.

ನಡೆದದ್ದು ಹೀಗೆ. ಒಳ್ಳೆಯ ಅದಿರೆಲ್ಲ ಮುಗಿಯುತ್ತಾ ಬಂದಿದ್ದ ಆಗ್ಡನ್ ಗಣಿಯಲ್ಲಿ, ಕಬ್ಬಿಣದ ಅಂಶ ಕಡಿಮೆಯೆಂದು ಉಳಿದವರು ಬಿಟ್ಟ ಬಂಡೆಯನ್ನೇ ಹಿಟ್ಟು ಮಾಡಿ, ಅಯಸ್ಕಾಂತಗಳ ಮುಂದೆ ಸುರಿದರೆ ಕಬ್ಬಿಣ ಒಂದು ಕಡೆಗೂ ಮರಳು ಇನ್ನೊಂದು ಕಡೆಗೂ ಬೀಳುತ್ತದೆ ಎಂಬುದು ಎಡಿಸನ್ನರ ಲೆಕ್ಕ. 1889ರ ಹೊತ್ತಿಗೆ ಶುರುವಾದ ಆ ಕೆಲಸ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಬೆಟ್ಟದ ಮೇಲೆ ಹಿಡಿದಿಟ್ಟಿತು. ಐದಾರು ಟನ್ನಿನ ಬಂಡೆಯನ್ನು ಇಡಿಯಾಗಿ ನುಂಗಿ ಪುಡಿಮಾಡುವ ದೈತ್ಯ ಉರುಳೆಗಳನ್ನು ಮಾಡಿಸಿದರು. ಕೆಲಸಗಾರರ ಊರೇ ಎದ್ದಿತು, ಅದಕ್ಕೆ ಎಡಿಸನ್ ಎಂದೇ ಹೆಸರಾಯಿತು. ಹಿಟ್ಟಿನಂಥ ಅದಿರು ಊದುಕುಲುಮೆಯಲ್ಲಿ ಗಾಳಿಗೆ ಹಾರಿಹೋಗುತ್ತದೆಂದು ತಿಳಿದಾಗ ಅದಕ್ಕೆ ಅಂಟು ಬೆರೆಸಿ ಇಟ್ಟಿಗೆಯಂಥ ಗಟ್ಟಿಗಳನ್ನು ಒತ್ತಿಸಿದರು. ಯಂತ್ರವೇನೋ ಕೊನೆಗೂ ಕೈಗೆ ಬಂತು. ಅಷ್ಟರಲ್ಲಿ ಮಿನೆಸೋಟಾದ ಮೆಸಾಬಿ ಬೆಟ್ಟಸಾಲಿನಲ್ಲಿ, ನೆಲದ ಮೇಲ್ಪದರದಲ್ಲೇ ಸಲಿಕೆಯಿಂದ ಬಾಚಿಕೊಳ್ಳಬಹುದಾದ ಶ್ರೀಮಂತ ಅದಿರು ಹೇರಳವಾಗಿ ಹೊರಬಂದು ಬೆಲೆ ಕುಸಿಯಿತು. ತಮ್ಮ ಜನರಲ್ ಎಲೆಕ್ಟ್ರಿಕ್ ಕಂಪನಿಯ ಷೇರುಗಳನ್ನು ಮಾರಿ ಸುರಿದ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚಿನ ಹಣ ಆ ಬೆಟ್ಟದಲ್ಲೇ ಕರಗಿತು. 1900ರಲ್ಲಿ ಬಾಗಿಲು ಹಾಕಿದರು. ಬಂಡೆ ಪುಡಿಮಾಡುವ ವಿದ್ಯೆಯನ್ನು ಮಾತ್ರ ಬಿಡದೆ ಅದೇ ರಾಜ್ಯದಲ್ಲಿ ಸಿಮೆಂಟ್ ಕಾರ್ಖಾನೆಗೆ ಒಯ್ದರು.

ಕನ್ನಡಿಗರಿಗೆ ಇದು ತೀರಾ ದೂರದ ಕಥೆಯಾಗಿ ಕಾಣಬೇಕಿಲ್ಲ. ನಮ್ಮ ಕುದುರೆಮುಖದ ಅದಿರೂ ಕಬ್ಬಿಣದ ಅಂಶ ಕಡಿಮೆಯಿದ್ದ ಮ್ಯಾಗ್ನೆಟೈಟೇ. ಅಲ್ಲಿಯೂ ಬಂಡೆಯನ್ನು ಹಿಟ್ಟು ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಹಿಟ್ಟನ್ನು ಅಲ್ಲಿ ಉಂಡೆಗಟ್ಟುತ್ತಿದ್ದರು. ಎಡಿಸನ್ನರ ಗಟ್ಟಿಗೂ ಪಣಂಬೂರಿನ ಉಂಡೆಗೂ ಕಾರಣ ಒಂದೇ. ಒಂದು ಗಣಿಯನ್ನು ಮಾರುಕಟ್ಟೆ ಮುಚ್ಚಿಸಿತು, ಇನ್ನೊಂದನ್ನು 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶ ಮುಚ್ಚಿಸಿತು. ಎರಡನ್ನೂ ಈಗ ಕಾಡು ಸುತ್ತುವರಿದಿದೆ.

ನಿಮಗೆ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಂಡೊಯ್ಯಿರಿ. ರೈಲುದಾರಿಯ ಬದಿಯ ಕಪ್ಪು ಮರಳಿನ ಮೇಲೆ ನಾನು ಹಾಗೆ ಎಳೆದಾಗ ಚೀಲದ ಹೊರಮೈಗೆ ಕಂಬಳಿಹುಳುವಿನ ರೋಮದ ಹಾಗೆ ಕರಿಯ ಪುಡಿ ನಿಮಿರಿ ನಿಂತಿತು. ಚೀಲವನ್ನು ಒಳಮಗ್ಗುಲು ಮಾಡಿ ಅಯಸ್ಕಾಂತವನ್ನು ತೆಗೆದರೆ ಪುಡಿಯಷ್ಟೂ ಉದುರುತ್ತದೆ. ಎಡಿಸನ್ನರ ಕಾರ್ಖಾನೆಯ ಮೂಲತತ್ವ ಅಷ್ಟೇ. ಪುಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಬೇಲಿ ಹಾಕಿದ ಹಳೆಯ ಗಣಿಗುಂಡಿಗಳ ಹತ್ತಿರಕ್ಕಂತೂ ಮಕ್ಕಳನ್ನು ಬಿಡಬೇಡಿ. ಅಂದ ಹಾಗೆ, ಈ ಕಾಡಿಗೆ ಹೆಸರಾದ ಮ್ಯಾಹ್ಲನ್ ಡಿಕರ್ಸನ್ ನ್ಯೂಜೆರ್ಸಿಯ ಗವರ್ನರ್, ಸೆನೆಟರ್, 1834ರಿಂದ 1838ರವರೆಗೆ ದೇಶದ ನೌಕಾಖಾತೆಯ ಕಾರ್ಯದರ್ಶಿ ಎಲ್ಲ ಆಗಿದ್ದವರು. ಮನೆಯ ಸಂಪತ್ತು ಬಂದದ್ದು ಮಾತ್ರ ಕಬ್ಬಿಣದ ಗಣಿಯಿಂದಲೇ.

ಪ್ರಶ್ನೆ: ಮಗಳು ವಾರಕ್ಕೊಮ್ಮೆ ಅಂಥ ಕಾಡಿಗೆ ಹೋಗುತ್ತಾಳೆ. ಕರಡಿಗಳಿವೆ ಎನ್ನುತ್ತಾಳೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. — ಸಾಗರ ತಾಲ್ಲೂಕಿನ ತಾಯಿ

ಉತ್ತರ: ಅಮ್ಮ, ಕರಡಿಗೆ ಹೆದರುವುದಕ್ಕಿಂತ ಉಣುಗಿಗೆ ಹೆದರಿ. ಮಂಗನ ಕಾಯಿಲೆಯ ಸೀಮೆಯವರಾದ ನಿಮಗೆ ಆ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಆ ಕಾಯಿಲೆಯನ್ನು ಗುರುತಿಸಿದ್ದು. ನ್ಯೂಜೆರ್ಸಿಯ ಕಾಡಿನ ಉಣುಗು ಹರಡುವುದು ಲೈಮ್ ಎಂಬ ಬೇರೊಂದು ಕಾಯಿಲೆಯನ್ನು. ಅದು ವೈರಸ್ಸಲ್ಲ, ಬ್ಯಾಕ್ಟೀರಿಯಾ. ಬೇಗ ಗೊತ್ತಾದರೆ ಔಷಧಿಗೆ ಬಗ್ಗುತ್ತದೆ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಸಮಾಧಾನದ ಸಂಗತಿಯೆಂದರೆ, ಸಾಮಾನ್ಯವಾಗಿ ಅದು ಚರ್ಮಕ್ಕೆ ಕಚ್ಚಿಕೊಂಡು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಳೆದ ಮೇಲೆಯೇ ರೋಗ ದಾಟುತ್ತದೆ. ಆದ್ದರಿಂದ ಮಗಳು ತಿಳಿಬಣ್ಣದ ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಲಿ, ಹುಲ್ಲಿಗೆ ಒರಸದೆ ಹಾದಿಯ ನಡುವೆ ನಡೆಯಲಿ, ಮನೆಗೆ ಬಂದೊಡನೆ ಸ್ನಾನ ಮಾಡಿ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಇವನ್ನೆಲ್ಲ ನೋಡಿಕೊಳ್ಳಲಿ. ಕಚ್ಚಿಕೊಂಡಿದ್ದರೆ ಎಣ್ಣೆ, ಸುಣ್ಣ, ಬೆಂಕಿಕಡ್ಡಿಗಳ ಪ್ರಯೋಗ ಬೇಡ; ಚಿಮುಟದಿಂದ ಚರ್ಮದ ಹತ್ತಿರದಲ್ಲೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಮೂರರಿಂದ ಮೂವತ್ತು ದಿನಗಳೊಳಗೆ ಕೆಂಪು ಗಂಧೆ ಎದ್ದು ಅಗಲವಾಗುತ್ತಾ ಹೋದರೆ, ಅಥವಾ ಜ್ವರ ಬಂದರೆ, ತಡಮಾಡದೆ ವೈದ್ಯರಿಗೆ ಉಣುಗಿನ ವಿಷಯ ತಿಳಿಸಬೇಕು.

ಕರಡಿಗಳಿರುವುದೂ ನಿಜ. ಅಲ್ಲಿನ ಕಪ್ಪು ಕರಡಿ ಮನುಷ್ಯರ ಸದ್ದು ಕೇಳಿದರೆ ಬಹುತೇಕ ತಾನೇ ಸರಿದುಹೋಗುತ್ತದೆ. ಓಡಬಾರದು, ಗಟ್ಟಿಯಾಗಿ ಮಾತಾಡುತ್ತಾ, ಮುಖ ಅದರ ಕಡೆಗೇ ಇಟ್ಟು, ನಿಧಾನವಾಗಿ ಹಿಂದೆ ಸರಿಯಬೇಕು. ಊಟದ ಡಬ್ಬಿಯನ್ನಾಗಲಿ ಎಂಜಲನ್ನಾಗಲಿ ಕಾಡಿನಲ್ಲಿ ಬಿಡಲೇಬಾರದು. ಮೂರು ಮೂರು ಎಲೆಗಳು ಜೊತೆಯಾಗಿ ಬಿಡುವ ಪಾಯಿಸನ್ ಐವಿ ಎಂಬ ಬಳ್ಳಿಯನ್ನೂ ಗುರುತಿಸಿಕೊಳ್ಳಲಿ. ಅದು ನಮ್ಮ ಗೇರು, ಮಾವುಗಳ ಕುಟುಂಬಕ್ಕೇ ಸೇರಿದ್ದು. ಹಸಿ ಗೇರುಬೀಜದ ಸೊನೆ ತಾಗಿದರೆ ಚರ್ಮ ಹೇಗೆ ಸುಟ್ಟಂತಾಗುತ್ತದೋ ಇದರಿಂದಲೂ ಹಾಗೆಯೇ ಗುಳ್ಳೆ ಏಳುತ್ತವೆ.

ಪ್ರಶ್ನೆ: ಅಷ್ಟು ದೂರ ಯಾಕೆ? ನಾವು ಗೆಳೆಯರು ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲುಹಳಿಯ ಮೇಲೆ ನಡೆಯಬೇಕೆಂದಿದ್ದೇವೆ. ಸಲಹೆ ಕೊಡಿ. — ಬೆಂಗಳೂರಿನ ವಿದ್ಯಾರ್ಥಿಗಳು

ಉತ್ತರ: ಹೋಗಬೇಡಿ ಎಂಬುದೇ ಸಲಹೆ. 1979ರಲ್ಲಿ ಪೂರ್ತಿಯಾದ ಆ ಘಟ್ಟದ ಮಾರ್ಗದಲ್ಲಿ 57 ಸುರಂಗಗಳಿವೆ, ಐವತ್ತು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿ ಅದು. ಬ್ರಾಡ್‌ಗೇಜ್‌ಗೆ ಬದಲಿಸಲೆಂದು 1996ರಿಂದ ಹತ್ತು ವರ್ಷ ರೈಲು ನಿಂತಿದ್ದಾಗ ಜನ ಅಲ್ಲಿ ನಡೆದಾಡಿದರು. ಆ ಕಾಲದ ಚಿತ್ರಗಳೂ ಕಥೆಗಳೂ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿರುವುದರಿಂದ ನಿಮ್ಮಂಥವರಿಗೆ ಅದು ಪಾಳುಬಿದ್ದ ಮಾರ್ಗವೆಂಬ ಭ್ರಮೆ ಹುಟ್ಟುತ್ತಿದೆ. ಈಗ ಅಲ್ಲಿ ಹಗಲೂ ರಾತ್ರಿಯೂ ರೈಲುಗಳಿವೆ, ಸುರಂಗದೊಳಗೆ ಎದುರಾದರೆ ಸರಿಯುವುದಕ್ಕೆ ಜಾಗ ಸಾಲದು. ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯಿದೆಯ 147ನೇ ಕಲಮಿನಡಿ ಆರು ತಿಂಗಳ ತನಕ ಸೆರೆವಾಸ ವಿಧಿಸಬಹುದು. ಬೆಂಗಳೂರಿನಿಂದ ಮಂಗಳೂರಿನ ಹಗಲು ರೈಲಿಗೆ ಚೀಟಿ ಕೊಂಡು ಕಿಟಕಿಯ ಬಳಿ ಕುಳಿತುಕೊಳ್ಳಿ, ಅದೇ ಕಾಡು, ಅದೇ ಸುರಂಗ, ಅದೇ ಜಲಪಾತ.

ಪ್ರಶ್ನೆ: ಸಾಫಿನ್ ಪಾಂಡನ್ನು ನೀವು ಕೆರೆ ಎಂದಿದ್ದೀರಿ. ಕೊಳ ಎನ್ನಬೇಕಿತ್ತಲ್ಲವೇ? ಹೋಗುವುದಕ್ಕೆ ಯಾವ ತಿಂಗಳು ಒಳ್ಳೆಯದು? — ಶಿರಸಿಯ ಓದುಗರು

ಉತ್ತರ: ನಿಘಂಟಿನ ಪ್ರಕಾರ ನಿಮ್ಮದೇ ಸರಿ. ಆದರೆ ಕೊಳವೆಂದೊಡನೆ ನನ್ನ ಕಣ್ಣಿಗೆ ಮೆಟ್ಟಿಲೂ ತಾವರೆಯೂ ಬರುತ್ತವೆ. ಅಲ್ಲಿ ನಾನು ಕಂಡದ್ದು ದಂಡೆಯಲ್ಲಿ ಗಾಳ ಹಿಡಿದು ಕುಳಿತ ಇಬ್ಬರು ಮುದುಕರನ್ನು. ಹಾಗಾಗಿ ಕೆರೆ ಎಂದೆ, ಇನ್ನೂ ಹಾಗೆಯೇ ಅನ್ನುತ್ತೇನೆ. ಅಕ್ಟೋಬರಿನ ನಡುವಿನಿಂದ ಕೊನೆಯವರೆಗೆ ಮೇಪಲ್, ಓಕ್ ಮರಗಳು ಬಣ್ಣ ತಿರುಗಿರುತ್ತವೆ, ಅದೇ ಉತ್ತಮ ಕಾಲ. ಜಿಂಕೆ ಬೇಟೆಗೆ ಪರವಾನಗಿಯಿರುವ ದಿನಗಳೂ ಶರತ್ಕಾಲದಲ್ಲೇ ಬರುವುದರಿಂದ ದೂರಕ್ಕೂ ಎದ್ದುಕಾಣುವ ಕಿತ್ತಳೆ ಬಣ್ಣದ ಮೇಲಂಗಿಯೊಂದನ್ನು ತೊಟ್ಟು ಹೋಗಿ. ಎಲೆಯುದುರಿದ ನವೆಂಬರಿನಲ್ಲಿ ಹೋಗುವವರಿಗೆ ಬಣ್ಣ ತಪ್ಪುತ್ತದೆ, ಆದರೆ ರೈಲುದಾರಿಯ ಏರಿ, ಸೀಳು, ಮೋರಿಗಳು ಮರೆಯಿಲ್ಲದೆ ಕಾಣುವುದು ಆಗಲೇ. ಹುಬ್ಬಳ್ಳಿಯ ಹಿರಿಯರಿಗೆ ನವೆಂಬರೇ ಸರಿ.